ಗಿರ್ಲು ಮೀನು ತನ್ನ ಹೆಸರು ತಾನೇ ಕೂಗುವುದೇಕೆ

ಲೋಕ ಇನ್ನೂ ಹಸಿ ಇದ್ದ ಕಾಲ. ಬೆಟ್ಟ ಮುಟ್ಟಿದರೆ ಬೆರಳಿಗೆ ಮಣ್ಣು ಹತ್ತುತ್ತಿತ್ತು. ಆಕಾಶಕ್ಕೆ ಬಳಿದ ನೀಲಿ ಆರಿರಲಿಲ್ಲ, ತೀರ ಮೇಲೆ ಹಾರಿದ ಹಕ್ಕಿಗಳ ಬೆನ್ನಿಗೆಲ್ಲ ಬಣ್ಣ. ಬೇಕಾದರೆ ಮಿಂಚುಳ್ಳಿಯ ಬೆನ್ನು ನೋಡು. ಕೇಳಿದರೆ ಮಾತ್ರ, ನಾನು ಹುಟ್ಟಿದ್ದೇ ಹೀಗೆ ಅನ್ನುತ್ತೆ. ಬರೀ ಸುಳ್ಳು.

ಆಗ ಹೊಳೆಯೂ ಹೊಸದು. ಎಲ್ಲಿಗೆ ಹೋಗಬೇಕು ಅಂತ ಅದಕ್ಕೇ ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಈ ಗುಡ್ಡದ ಕಾಲಿಗೆ ಬೀಳೋದು, ನಾಳೆ ಆ ಗುಡ್ಡದ ಕಾಲಿಗೆ ಬೀಳೋದು, ದಾರಿ ಬಿಡಿ ದಾರಿ ಬಿಡಿ ಅಂತ ಗೋಗರೆಯೋದು.

ಆ ಹೊಳೆಯಲ್ಲಿ ಒಂದು ಮೀನಿನ ಮರಿ ಇತ್ತು. ಗಂಡು ಮರಿ. ನಿನ್ನ ಕಿರುಬೆರಳಿನಷ್ಟು ಉದ್ದ. ಮೂತಿಗೆ ಆಗಲೇ ಮೀಸೆ. ಮೈಮೇಲೆ ಹುರುಪೆ ಇಲ್ಲ. ಮುಳ್ಳು? ಒಂದೂ ಇಲ್ಲ. ಬೆಣ್ಣೆ ಸವರಿದ ಬದನೆಕಾಯಿ ಹಾಗೆ ನುಣ್ಣಗಿದ್ದ.

ಮತ್ತೆ ಹೆಸರು? ಅದೂ ಇಲ್ಲ.

ಯಾಕಿಲ್ಲ ಅಂದರೆ, ಅವನು ನಿಂತ ಕಡೆ ನಿಲ್ಲುತ್ತಿರಲಿಲ್ಲ. ಇಲ್ಲಿದ್ದಾನೆ ಅನ್ನುವಷ್ಟರಲ್ಲಿ ಅಲ್ಲಿ. ಅಲ್ಲಿದ್ದಾನೆ ಅನ್ನುವಷ್ಟರಲ್ಲಿ ಬಂಡೆಯ ಸಂದಿಯಲ್ಲಿ. ಸಂದಿಗೆ ಕೈ ಹಾಕಿದರೆ ಅಲ್ಲಿ ಏಡಿ, ಮರಿ ಹಿಂದಿನಿಂದ ಬಂದು ನಿನ್ನ ಹಿಮ್ಮಡಿ ಕಚ್ಚುತ್ತಿದ್ದ. ಹೆಸರು ಅಂದರೆ ಅಂಟಿಸುವ ವಸ್ತು. ಓಡುವ ಬೆನ್ನಿಗೆ ಏನು ಅಂಟುತ್ತೆ, ಹೇಳು?

ಹೆಸರಿಲ್ಲದಿದ್ದರೆ ಏನಾಯಿತು ಅಂತ ನೀನು ಕೇಳಬಹುದು. ಆ ಹೊಳೆಯಲ್ಲಿ ಬಹಳ ಆಗುತ್ತಿತ್ತು.

ಬೇಸಿಗೆ ಬಂದರೆ ಹೊಳೆ ಸೊರಗುತ್ತಿತ್ತು. ಸೊರಗಿ ಸೊರಗಿ ಕೊನೆಗೆ ದೊಡ್ಡ ಬಂಡೆಗಳ ನಡುವೆ ಒಂದು ಆಳದ ಮಡು ಮಾತ್ರ ಉಳಿಯುತ್ತಿತ್ತು. ಮಡು ಸೇರಿದವರು ಮಳೆಗಾಲ ನೋಡುತ್ತಿದ್ದರು. ದಂಡೆಯ ಗುಂಡಿಗಳಲ್ಲಿ ಉಳಿದವರು ನೀರುಕಾಗೆಯ ಗಂಟಲು ನೋಡುತ್ತಿದ್ದರು.

ಅದಕ್ಕೇ ಹೊಳೆ ಮಡುವಿಗೆ ಇಳಿಯುವ ಮುಂಚೆ ಎಲ್ಲರನ್ನೂ ಹೆಸರು ಹಿಡಿದು ಕರೆಯುತ್ತಿತ್ತು. ಹೆಸರು ಕರೆದ ಕಡೆಗೆ ಒಂದು ಎಳೆ ನೀರು ಹರಿದು ಹೋಗುತ್ತಿತ್ತು. ಆ ಎಳೆ ಹಿಡಿದು ಅವರು ಮಡುವಿಗೆ ಬರಬೇಕು. ಹೆಸರೇ ಇಲ್ಲದಿದ್ದರೆ ಎಳೆ ಯಾವ ಕಡೆ ಹೋಗುತ್ತೆ?

ಮರಿಯ ಅಪ್ಪ ಹಿಂದಿನ ಬೇಸಿಗೆಯಲ್ಲೇ ನೀರುಕಾಗೆಯ ಹೊಟ್ಟೆ ಸೇರಿದ್ದ. ಹೆಸರು ಕರೆದಾಗ, ಇರು ಬಂದೆ, ಅಂತ ಪಾಚಿ ತಿನ್ನುತ್ತಾ ಕೂತಿದ್ದನಂತೆ. ಈಗ ಮತ್ತೆ ಬಿಸಿಲು ಏರತೊಡಗಿತು. ದಂಡೆಯ ಕೆಸರು ಬಿರುಕು ಬಿಟ್ಟಿತು. ಮರಿಯ ಅವ್ವನಿಗೆ ನಿದ್ದೆ ಹಾರಿಹೋಯಿತು. ಮೀನಿಗೆ ರೆಪ್ಪೆ ಇಲ್ಲ, ಮಲಗಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ.

"ಇವಂಗೊಂದು ಹೆಸರ ಇಡಬೇಕು," ಅಂದಳು ಅವ್ವ.

"ಇಡು. ಯಾರು ಬ್ಯಾಡ ಅಂದಾರ?" ಅಂದಿತು ಆಮೆ. ಹೊಳೆಯಲ್ಲಿ ಅದೇ ಎಲ್ಲರಿಗಿಂತ ಹಳೆಯದು, ಎಲ್ಲರಿಗೂ ಅದು ಆಮೆ ಆಯಿ. "ಆದ್ರ ನೀ ಇಟ್ರ ನಡಿಯಂಗಿಲ್ಲ ನೋಡವಾ. ನಾ ಇಟ್ರೂ ನಡಿಯಂಗಿಲ್ಲ. ಹೆಸರಂದ್ರ ಸೋದರತ್ತಿ ಕಿವ್ಯಾಗ ಹೇಳಬೇಕು. ಮಂದಿ ಬೆನ್ನ ಮ್ಯಾಲ ಗುದ್ದಬೇಕು. ಗುಗ್ಗರಿ ಹಂಚಬೇಕು. ಅಂದ್ರನ ಅದು ಹೆಸರು."

ಗುದ್ದೋದು ಯಾಕೆ ಅಂತ ಕೇಳಬೇಡ. ನಿಮ್ಮ ಮನೆಯಲ್ಲೂ ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಅತ್ತೆ ಬಗ್ಗಿ ಕುರ್ರ್ ಅಂತ ಕಿವಿಯಲ್ಲಿ ಹೆಸರು ಹೇಳಿದಳು, ಹೆಂಗಸರೆಲ್ಲ ಸೇರಿ ಅವಳ ಬೆನ್ನಿಗೆ ಧಬಧಬ ಗುದ್ದಿದರು. ಯಾಕೆ ಗುದ್ದಿದಿರಿ ಅಂತ ಕೇಳಿ ನೋಡು. ಪದ್ಧತಿ ಅನ್ನುತ್ತಾರೆ. ಪದ್ಧತಿ ಅಂದರೆ ಗೊತ್ತಿಲ್ಲ ಅಂತ ಅರ್ಥ.

ಅವ್ವ ಜೊಂಡು ಹುಲ್ಲು ಹೆಣೆದು ತೊಟ್ಟಿಲು ಮಾಡಿದಳು. ಪಾಚಿ ಕೂಡಿಹಾಕಿ ಗುಗ್ಗರಿ ಮಾಡಿದಳು. ಆಮೆ ಆಯಿ ಬಂದಳು. ಏಡಿ ಬಂದಳು, ಎರಡೂ ಕೊಂಬು ಮಸೆದುಕೊಂಡು. ಸಿಗಡಿಯ ಅವ್ವ ತನ್ನ ಮಗಳು ಸಿಗಡಿಯನ್ನು ಕರೆದುಕೊಂಡು ಬಂದಳು. ಎಲ್ಲರ ಕಣ್ಣೂ ಗುಗ್ಗರಿಯ ಮೇಲೆ.

ಕೊನೆಗೆ ಮೇಲಿನ ನೀರಿನಿಂದ ಸೋದರತ್ತೆ ಬಂದಳು. ಬಾಳೆಮೀನು. ಅಪ್ಪನ ಅಕ್ಕ. ಅಬ್ಬಾ ಅವಳ ಬಾಯಿ! ಕಿವಿಯಿಂದ ಕಿವಿಯವರೆಗೆ, ಅಲ್ಲಿಂದ ಮುಂದೆಯೂ ಒಂದಿಷ್ಟು. ಕಣ್ಣು ಮಾತ್ರ ಸಾಸಿವೆ ಕಾಳು. ಆ ಬಾಯಿಯ ಹತ್ತಿರ ಕೂಸಿನ ಕಿವಿ ಹಿಡಿಯಬೇಕಲ್ಲ ಅಂತ ಅವ್ವನಿಗೆ ಒಳಗೊಳಗೇ ನಡುಕ. ಆದರೆ ಅತ್ತೆ ಅತ್ತೆಯೇ. ಬದಲಾಯಿಸಲು ಬರುತ್ತಾ?

"ಬರ್ರಿ ಅಕ್ಕಾರ," ಅಂದಳು ಅವ್ವ.

"ಬಂದೇನಿ. ಎಲ್ಲೈತಿ ಕೂಸು? ಲಗೂನ ಮುಗಸ್ರಿ, ನನ್ನ ಹೊಟ್ಟಿ ಹಸದೈತಿ," ಅಂದಳು ಅತ್ತೆ. ಸಿಗಡಿ ಸರಕ್ಕನೆ ತನ್ನ ಅವ್ವನ ಹಿಂದೆ ಹೋದಳು.

ತೊಟ್ಟಿಲ ಪದ್ಧತಿ ನಿನಗೆ ಗೊತ್ತಲ್ಲ? ಮೊದಲು ಒಂದು ಗುಂಡುಕಲ್ಲನ್ನು ತೊಟ್ಟಿಲ ಕೆಳಗಿನಿಂದ ಒಬ್ಬಳು ಕೊಡುತ್ತಾಳೆ, ಮೇಲಿಂದ ಇನ್ನೊಬ್ಬಳು ತಗೊಳ್ಳುತ್ತಾಳೆ. ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ಆಮೇಲೆ ಕೂಸನ್ನೂ ಹಾಗೇ ಕೊಟ್ಟು ತಗೊಂಡು, ತೊಟ್ಟಿಲಲ್ಲಿ ಮಲಗಿಸುತ್ತಾರೆ.

ಕಲ್ಲು ಕೊಟ್ಟರು, ತಗೊಂಡರು. ಕೂಸು ಕೊಟ್ಟರು, ತಗೊಂಡರು. ಕಲ್ಲು, ಕೂಸು. ಕೂಸು, ಕಲ್ಲು. ನುಣ್ಣಗೆ ಅದೂ, ನುಣ್ಣಗೆ ಇವನೂ. ನಡುವೆ ಮರಿ ಪುಳಕ್ಕನೆ ಜಾರಿದ. ಜಾರಿ ಗುಗ್ಗರಿಯ ರಾಶಿಯ ಹಿಂದೆ ಹೋಗಿ ಕೂತು, ಮುಂದೇನಾಗುತ್ತೆ ನೋಡೋಣ ಅಂತ ಮೀಸೆ ತೀಡಿದ.

ಸಾಸಿವೆ ಕಣ್ಣಿನ ಅತ್ತೆ ತೊಟ್ಟಿಲಿಗೆ ಬಗ್ಗಿದಳು. ನಮ್ಮ ಅತ್ತೆಯರು ಕುರ್ರ್ ಅನ್ನುತ್ತಾರೆ. ಆದರೆ ನೀರೊಳಗೆ, ಅಷ್ಟು ದೊಡ್ಡ ಬಾಯಿಂದ, ಅದು ಬೇರೆ ಥರ ಬಂತು.

"ಗಿರ್ರ್..." ಅಂದಳು. ಆಮೇಲೆ ಹೆಸರು ಪಿಸುಗುಟ್ಟಿದಳು.

ಧಬಧಬಧಬ ಗುದ್ದಿದರು. ಗುಗ್ಗರಿ ಹಂಚಿದರು. ಎಲ್ಲರೂ ತಿಂದು ತೇಗಿದ ಮೇಲೆ ಅವ್ವ ತೊಟ್ಟಿಲೊಳಗೆ ನೋಡಿದರೆ, ಕಲ್ಲು ಮಲಗಿದೆ.

"ಅಯ್ಯ ಅಕ್ಕಾರ! ಕಲ್ಲಿಗೆ ಹೆಸರಿಟ್ರಲ್ರಿ!"

"ನಾ ಏನ್ ಮಾಡ್ಲಿ? ಸುಮ್ನ ಮಲಗಿತ್ತು, ಶಾಣ್ಯಾ ಕೂಸು ಅನ್ಕೊಂಡೆ," ಅಂದಳು ಅತ್ತೆ.

"ಅದ ಹೆಸರ ಇನ್ನೊಮ್ಮಿ ಇವಂಗೂ ಹೇಳ್ರಿ."

"ಕೊಟ್ಟದ್ದು ಕೊಟ್ಟಂಗ. ಕಲ್ಲಿನ ಕಡೆಯಿಂದ ಕಸಗೊಳ್ಳಾಕ ಬರ್ತೈತೇನು? ಬ್ಯಾರೆ ಹೆಸರ ಹುಡುಕಬೇಕು. ಹೆಸರೇನು ದಂಡ್ಯಾಗ ಬಿದ್ದಿರ್ತಾವೇನು?"

ಗುಗ್ಗರಿಯ ಹಿಂದೆ ಮರಿ ಬಿದ್ದು ಬಿದ್ದು ನಗುತ್ತಿದ್ದ. ಅವನಿಗೇನು, ಮಜಾ. ಕಲ್ಲಿಗೆ ನಮಸ್ಕಾರ ಮಾಡಿ, "ಏನಪಾ ತಮ್ಮಾ, ಹೆಸರ ಛಲೋ ಐತೇನು?" ಅಂತ ಕೇಳಿದ. ಅವ್ವ ನಗಲಿಲ್ಲ. ಅವಳು ದಂಡೆಯ ಕಡೆ ನೋಡುತ್ತಿದ್ದಳು. ಬೆಳಿಗ್ಗೆ ನೀರೊಳಗಿದ್ದ ಬಂಡೆಯೊಂದು ಆಗಲೇ ತಲೆ ಹೊರಗೆ ಹಾಕಿತ್ತು. ಅದರ ಮೇಲೆ ನೀರುಕಾಗೆ ಕೂತಿತ್ತು. ಕಪ್ಪಗೆ, ಉದ್ದ ಕತ್ತು, ತುದಿಗೆ ಕೊಕ್ಕೆ ಹಾಗೆ ಬಾಗಿದ ಕೊಕ್ಕು.

"ಹೆಸರಿಡೋದು ಮುಗೀತೇನ್ರೀ?" ಅಂತ ಅದು ಮರ್ಯಾದೆಯಿಂದ ಕೇಳಿತು. ನುಂಗುವವರಿಗೆ ಮರ್ಯಾದೆ ಜಾಸ್ತಿ.

ಹೊಳೆ ಇನ್ನೂ ಇಳಿಯಿತು. ಅತ್ತೆ ಹೊಟ್ಟೆ ತುಂಬ ಪಾಚಿ ತಿಂದು, ಮುಖ ಸಿಂಡರಿಸಿ, ಇನ್ನೊಂದು ಹೆಸರು ಯೋಚನೆ ಮಾಡಿದಳು. ಬಹಳ ಉದ್ದದ ಹೆಸರಂತೆ. ಹೇಳಲು ಎರಡು ಸಲ ಉಸಿರು ತಗೊಳ್ಳಬೇಕಂತೆ.

ಈ ಸಲ ಏಡಿ ಮರಿಯ ಬಾಲ ಹಿಡಿದಳು. ಆಮೆ ಆಯಿ ತೊಟ್ಟಿಲ ಬಾಯಿಗೆ ಅಡ್ಡ ಕೂತಳು. ಮರಿ ಒದ್ದಾಡಿದ, ಹೊರಳಿದ, ಕಚ್ಚಿದ. ಅವನನ್ನು ಹಿಡಿದು ಹಿಡಿದು ಎಲ್ಲರಿಗೂ ಸಾಕಾಗಿ, ಯಾವಾಗ ಗುದ್ದುತ್ತೇವೋ, ಯಾವಾಗ ಮುಗಿಯುತ್ತೋ ಅಂತ ಮುಷ್ಟಿ ಎತ್ತಿಕೊಂಡೇ ನಿಂತರು. ಏಡಿಯ ಇನ್ನೊಂದು ಕೊಂಬು ಅತ್ತೆಯ ಬೆನ್ನಿನ ಮೇಲೆ ನಡುಗುತ್ತಿತ್ತು.

ಅತ್ತೆ ಬಗ್ಗಿದಳು.

"ಗಿರ್ರ್..."

ಧಬ್!

ಏಡಿಗೆ ತಡೆಯಲಾಗಲಿಲ್ಲ. ಏಡಿ ಗುದ್ದಿದ್ದು ನೋಡಿ ಆಮೆ ಆಯಿ ಗುದ್ದಿದಳು. ಆಯಿ ಗುದ್ದಿದ್ದು ನೋಡಿ ಸಿಗಡಿಯವ್ವ ಗುದ್ದಿದಳು. ಧಬಧಬಧಬ! ಅತ್ತೆಯ ಬಾಯಲ್ಲಿದ್ದ ಉಸಿರೆಲ್ಲ ಬುಳುಬುಳು ಗುಳ್ಳೆಯಾಗಿ ಮೇಲೆ ಹೋಯಿತು. ಉಸಿರಿನ ಜೊತೆ ಹೆಸರೂ ಹೋಯಿತು. ನೀರಿನ ಮೇಲೆ ಗುಳ್ಳೆಗಳು ಪಟ ಪಟ ಒಡೆದವು.

"ನಾ ಇನ್ನೂ ಹೇಳೇ ಇರ್ಲಿಲ್ಲ!" ಅತ್ತೆ ಚೀರಿದಳು. "ಬೆನ್ನು ಮುರದ್ರಲ್ಲ! ಯಾವ ಹೊಲಸ ಪದ್ಧತಿ ಇದು!"

"ಈಗ ಹೇಳ್ರಿ ಅಕ್ಕಾರ, ಈಗ ಹೇಳ್ರಿ."

"ಏನ್ ಹೇಳ್ಲಿ? ಗುದ್ದಿದ ಪೆಟ್ಟಿಗೆ ತಲಿ ಖಾಲಿ ಆಗೇತಿ. ಹುಡುಗ ನೋಡಿದ್ರ ಹಿಂಗ, ಮಂದಿ ನೋಡಿದ್ರ ಹಂಗ. ನಾ ಹೊಂಟೆ."

ಹೊಂಟೇಬಿಟ್ಟಳು. ಅವ್ವ ಹಿಂದೆ ಹಿಂದೆ ಹೋದಳು, ಅಕ್ಕಾರ ಅಕ್ಕಾರ ಅಂದಳು. ಅತ್ತೆ ತಿರುಗಿ ನೋಡಲಿಲ್ಲ. ಬೆನ್ನು ನೋಯುತ್ತಿತ್ತು, ಪಾಪ, ತಿರುಗಲು ಬರುತ್ತಿರಲಿಲ್ಲ ಅಂತಲೂ ಇರಬಹುದು.

ಹೊಳೆ ಕರೆಯಲು ಶುರು ಮಾಡಿದ್ದೇ ಆವಾಗ.

"ಬಾಳೆಮೀನೇ!" ಅಂತ ಕರೆಯಿತು ಹೊಳೆ. ಎಳೆ ನೀರು ಬಂತು, ಅತ್ತೆ ಹೋದಳು.

"ಆಮೇ!" ಆಮೆ ಆಯಿ ಹೋದಳು. "ಏಡೀ!" ಏಡಿ ಅಡ್ಡಡ್ಡ ಹೋದಳು. "ಸಿಗಡೀ! ಸಿಗಡಿಯವ್ವಾ!" ಮಗಳೂ ಹೋದಳು, ತಾಯಿಯೂ ಹೋದಳು.

ಆಮೇಲೆ ಹೊಳೆ ಇನ್ನೊಂದು ಹೆಸರು ಕರೆಯಿತು. ಯಾರೂ ಕೇಳಿರದ ಹೆಸರು. ತೊಟ್ಟಿಲಲ್ಲಿದ್ದ ಕಲ್ಲು ಗುಡುಗುಡು ಅಂತ ಎದ್ದು, ಉರುಳಿಕೊಂಡು ಮಡುವಿಗೆ ಹೋಯಿತು. ಕಲ್ಲಿಗೆ ನೀರಿಲ್ಲದಿದ್ದರೆ ಏನು ನಷ್ಟ? ಆದರೂ ಕರೆದರು, ಹೋಯಿತು. ಹೆಸರಿದ್ದವರ ಹಣೆಬರಹವೇ ಬೇರೆ.

ಮರಿ ಮಾತ್ರ ಕಲ್ಲಿನ ಹಿಂದೆಯೇ ಓಡಿದ, ನಗುತ್ತಾ. ಓಡಿ ಮೂತಿ ಮಣ್ಣಿಗೆ ತಾಗಿತು. ಆ ಕಡೆ ಓಡಿದ, ಮಣ್ಣು. ಈ ಕಡೆ ಓಡಿದ, ಮರಳು. ಸುತ್ತ ನೀರೇ ಇರಲಿಲ್ಲ. ಅವನೂ ಅವ್ವನೂ ಒಂದು ಗುಂಡಿಯಲ್ಲಿ ಉಳಿದಿದ್ದರು. ಎಮ್ಮೆ ಕಾಲಿಟ್ಟು ಹೋದಷ್ಟು ಗುಂಡಿ.

"ಯವ್ವಾ, ನೀ ಯಾಕ ಹೋಗ್ಲಿಲ್ಲ?" ಅಂತ ಕೇಳಿದ.

"ನನ್ನ ಎಲ್ಲಿ ಕರದ್ರೋ?"

"ನಿನಗ ಹೆಸರೈತೆಲ್ಲ?"

"ಇತ್ತು. ನೀ ಹುಟ್ಟೋ ಮುಂಚೆ ಇತ್ತು." ಅವ್ವ ಬಾಲ ಮೆಲ್ಲಗೆ ಆಡಿಸಿದಳು, ಇದ್ದ ನೀರು ಕದಡದ ಹಾಗೆ. "ತಾಯಿ ಆದ ಮ್ಯಾಲ ಯಾರರ ಹೆಸರಿಟ್ಟು ಕರೀತಾರೇನು ಮಗನ? ಸಿಗಡಿಯವ್ವ ಅಂತಾರ, ಏಡಿಯವ್ವ ಅಂತಾರ. ನನ್ನ ಹಳೇ ಹೆಸರು ಹೊಳಿಗೂ ಮರತೈತಿ, ನನಗೂ ಮರತೈತಿ. ನಿನಗೊಂದು ಹೆಸರ ಬಂದಿದ್ರ, ಅದರ ಹಿಂದ ಅವ್ವ ಅಂತ ಹಚ್ಚಿ ನನ್ನ ಕರೀತಿದ್ರು."

ಮರಿ ನಿಂತ.

ಹುಟ್ಟಿದ ಮೇಲೆ ಮೊದಲ ಸಲ ನಿಂತ. ಬಾಲ ಅಲ್ಲಾಡಲಿಲ್ಲ, ಮೀಸೆ ಅಲ್ಲಾಡಲಿಲ್ಲ. ಆಗ ಯಾವ ಅತ್ತೆ ಬಂದಿದ್ದರೂ ಆರಾಮಾಗಿ ಹೆಸರಿಟ್ಟು ಹೋಗಬಹುದಿತ್ತು. ಯಾರೂ ಬರಲಿಲ್ಲ.

ಗಾಳಿ ಬಂತು. ಅದಕ್ಕೆ ಕೆಲಸವಿಲ್ಲ, ಎಲ್ಲ ಕಡೆ ಬರುತ್ತೆ.

"ಗಾಳಿ ಮಾಮಾ, ಗಾಳಿ ಮಾಮಾ," ಅಂದ ಮರಿ, "ಹೊಳಿಗೊಂದು ಮಾತು ಮುಟ್ಟಸ್ತೀ? ಇಲ್ಲಿ ಇಬ್ರು ಉಳದೀವಿ ಅಂತ ಹೇಳು."

"ಹೇಳ್ತೀನಿ, ಅದರಾಗೇನೈತಿ," ಅಂದಿತು ಗಾಳಿ. "ಯಾರು ಹೇಳ್ಯಾರ ಅಂತ ಹೇಳ್ಲಿ?"

"ನಾ ಹೇಳೀನಿ ಅಂತ ಹೇಳು."

"ನಾ ಅಂದ್ರ ಯಾರು? ಎಲ್ಲಾರೂ ನಾ ನಾ ಅಂತಾರ. ನಾನೂ ನಾನ."

ಮರಿ ಬಾಯಿ ತೆರೆದ. ಮುಚ್ಚಿದ. ಗಾಳಿ ಸ್ವಲ್ಪ ಕಾದು, ಆಮೇಲೆ ಮರೆತು, ಎಕ್ಕದ ಹತ್ತಿ ಹಾರಿಸುತ್ತಾ ಹೋಯಿತು.

ಹಿಂದೆಯೇ ನೀರುಕಾಗೆ ಬಂತು. ತಪ್ಪ ತಪ್ಪ ಅಂತ ಕೆಸರಲ್ಲಿ ಹೆಜ್ಜೆ ಇಡುತ್ತಾ ಬಂದು ಗುಂಡಿಯ ಅಂಚಿನಲ್ಲಿ ನಿಂತಿತು. ಕತ್ತು ಆ ಕಡೆ ಹೊರಳಿಸಿ ಒಂದು ಕಣ್ಣಲ್ಲಿ ಅವ್ವನನ್ನು ನೋಡಿತು. ಈ ಕಡೆ ಹೊರಳಿಸಿ ಇನ್ನೊಂದು ಕಣ್ಣಲ್ಲಿ ಮರಿಯನ್ನು ನೋಡಿತು.

"ಮೊದಲು ದೊಡ್ಡಾಕಿ," ಅಂದಿತು. "ಸಣ್ಣಾಂವ ಬಾಯಿ ಸವಿಗೆ ಇರ್ಲಿ."

ಕೊಕ್ಕು ಇಳಿಯಿತು. ಅಷ್ಟರಲ್ಲಿ ಮರಿ ಅಡ್ಡ ಓಡಿದ. ಕೊಕ್ಕು ತಪ್ಪಿ ಕೆಸರಿಗೆ ನಾಟಿತು. ಮತ್ತೆ ಎತ್ತಿತು. ಮತ್ತೆ ಮರಿ ಅಡ್ಡ. ಎಡಕ್ಕೆ, ಬಲಕ್ಕೆ, ಕಾಲ ಸಂದಿಗೆ, ಮತ್ತೆ ಎಡಕ್ಕೆ. ಹಕ್ಕಿಯ ಕತ್ತು ಹಾವಿನ ಹಾಗೆ ಸುತ್ತಿ ಸುತ್ತಿ ಗಂಟು ಬೀಳುವ ಹಾಗಾಯಿತು.

"ಲೇ, ಒಂದ ಕಡೆ ನಿಂದ್ರಲೇ! ತಲಿ ತಿರಗಾಕತ್ತೈತಿ ನನಗ!"

"ನಿನ್ನ ತಲಿ ಎಲ್ಲೈತಿ ತಿರಗಾಕ? ಕುತ್ತಿಗಿ ಮುಗದ ಮ್ಯಾಲ ಬರೇ ಬಾಯೈತಿ!"

"ಮಗನೇ, ನಿನ್ನ ಬಾಯೀನ ಮೊದಲು ಮುಚ್ಚಸ್ತೀನಿ!"

ಸಿಟ್ಟು ಬಂದ ಹಕ್ಕಿ ಅವ್ವನನ್ನು ಮರೆತುಬಿಟ್ಟಿತು. ಅದೇ ಬೇಕಾಗಿತ್ತು ಅವನಿಗೆ. ಗುಂಡಿಯಲ್ಲಿ ಇನ್ನು ಓಡಲು ನೀರೂ ಉಳಿದಿರಲಿಲ್ಲ. ಚಕ್ಕನೆ ಕೊಕ್ಕು ಬಂತು. ಸಿಕ್ಕಿದ.

"ಮಗನ!" ಅಂದಳು ಅವ್ವ. ಮೀನಿನ ಕೂಗು ನೀರಿನ ಆಚೆ ದೂರ ಕೇಳುವುದಿಲ್ಲ. ಅವನಿಗೆ ಕೇಳಿಸಿತು.

ನೀರುಕಾಗೆ ಮೀನು ತಿನ್ನುವುದನ್ನು ನೋಡಿದ್ದೀಯಾ? ಅಗಿಯೋದಿಲ್ಲ. ಮೇಲಕ್ಕೆ ತೂರಿ, ತಲೆ ಕೆಳಗಾಗಿ ಹಿಡಿದು, ಗಟಕ್. ಆ ಕಾಲದಲ್ಲಿ ಮರಿಯಂಥ ನುಣುಪು ಮೀನುಗಳು ಎಣ್ಣೆ ಹಚ್ಚಿದ ಶಾವಿಗೆ ಹಾಗೆ ಇಳಿಯುತ್ತಿದ್ದವು. ಹಕ್ಕಿ ತೂರಿತು, ಹಿಡಿಯಿತು, ಕತ್ತೆತ್ತಿತು. ಮರಿ ನೋಡಿದರೆ ಎದುರಿಗೆ ಗಂಟಲು. ಕೆಂಪಗೆ, ಬೆಚ್ಚಗೆ, ಕತ್ತಲೆ. ಅಪ್ಪ ಹೋದ ದಾರಿ.

ಶಾಲೆಗೆ ಹೋಗಲ್ಲ ಅನ್ನುವ ಹುಡುಗನನ್ನು ಎಳೆದುಕೊಂಡು ಹೋಗುವಾಗ ಅವನು ಬಾಗಿಲಲ್ಲಿ ಏನು ಮಾಡುತ್ತಾನೆ? ಎರಡೂ ಕೈ ಚಾಚಿ ಎರಡೂ ಕಡೆ ಚೌಕಟ್ಟು ಹಿಡಿಯುತ್ತಾನೆ. ಮರಿ ಅದನ್ನೇ ಮಾಡಿದ. ಎಡಗಡೆಯ ರೆಕ್ಕೆ ಎಡಕ್ಕೆ ಚಾಚಿದ. ಬಲಗಡೆಯ ರೆಕ್ಕೆ ಬಲಕ್ಕೆ ಚಾಚಿದ. ಸಾಲದು ಅಂತ ಬೆನ್ನಿನ ರೆಕ್ಕೆಯನ್ನೂ ಮೇಲಕ್ಕೆ ಸೆಟೆಸಿದ. ಮೂರು ಕಡೆ ಚಾಚಿಕೊಂಡು ಗಂಟಲಿನ ಬಾಗಿಲಲ್ಲಿ ಅಡ್ಡ ನಿಂತ.

"ಒಳಗ ನಡಿಯೋ," ಅಂದಿತು ಹಕ್ಕಿ, ಬಾಯಿ ತುಂಬಿಕೊಂಡೇ.

"ಬರಂಗಿಲ್ಲ!"

"ನಡಿ ಅಂದ್ರ ನಡಿ!"

"ಬರಂಗಿಲ್ಲ ಅಂದ್ರ ಬರಂಗಿಲ್ಲ!"

ಹಕ್ಕಿ ಒತ್ತಿತು. ಮರಿ ಸೆಟೆದ. ಹಕ್ಕಿ ಇನ್ನೂ ಒತ್ತಿತು. ಮರಿ ಇನ್ನೂ ಸೆಟೆದ. ಅವ್ವ ಗುಂಡಿಯಲ್ಲಿದ್ದಾಳೆ, ಇದು ಮುಗಿದರೆ ಮುಂದಿನ ತುತ್ತು ಅವಳೇ ಅಂತ ನೆನೆದ, ನೆನೆದು ಇನ್ನೂ ಸೆಟೆದ. ಎಷ್ಟು ಸೆಟೆದ ಅಂದರೆ ರೆಕ್ಕೆಯ ಮುಂದಿನ ಗರಿ ಮೂಳೆಯಾಯಿತು, ಮೂಳೆ ಚೂಪಾಯಿತು, ಚೂಪು ಮುಳ್ಳಾಯಿತು. ಎಡಕ್ಕೊಂದು, ಬಲಕ್ಕೊಂದು, ಬೆನ್ನಿಗೊಂದು. ಹಕ್ಕಿಗೆ ಗಂಟಲಲ್ಲಿ ಚುಚ್ಚಿತು. ಉಗುಳಲೂ ಬರಲಿಲ್ಲ, ನುಂಗಲೂ ಬರಲಿಲ್ಲ. ಗಾಬರಿಯಾಗಿ ರೆಕ್ಕೆ ಬಡಿದು ಮೇಲೆ ಹಾರಿತು. ದಂಡೆ ದಾಟಿ, ಬಂಡೆ ದಾಟಿ, ಮಡುವಿನ ಮೇಲೆ ಬಂತು.

ಒತ್ತುವುದು, ಸೆಟೆಯುವುದು, ಒತ್ತುವುದು, ಸೆಟೆಯುವುದು. ಮುಳ್ಳಿನ ಬುಡ ಭುಜದ ಮೂಳೆಗೆ ಉಜ್ಜಿತು. ಹಳೇ ಬಾಗಿಲ ತಿರುಗಣಿ ಕಿರುಗುಟ್ಟಿದ ಹಾಗೆ ಒಂದು ಸದ್ದು ಬಂತು.

"ಗಿರ್ರ್..."

ಬಾಯಿಂದ ಬಂದದ್ದಲ್ಲ. ಭುಜದಿಂದ ಬಂದದ್ದು. ಮೀನಿನ ಬಾಯಿ ಮಾತು ನೀರಾಚೆ ದೂರ ಮುಟ್ಟುವುದಿಲ್ಲ, ಭುಜದ್ದು ಮುಟ್ಟುತ್ತೆ.

ಕೆಳಗೆ ಮಡುವಿನಲ್ಲಿ ಹೊಳೆ ಆಗ ತಾನೇ ಕಣ್ಣು ಮುಚ್ಚಿತ್ತು. ಸದ್ದು ಕೇಳಿ ಎದ್ದು ಕೂತಿತು.

"ತಡೀರಿ, ತಡೀರಿ. ಯಾರೋ ಗಿರ್ರ್ ಅಂದ್ರು. ಎಲ್ಲೋ ತೊಟ್ಟಿಲಾ ನಡದೈತಿ. ಹೆಸರ ಕೇಳೂಣು."

ಗಿರ್ರ್ ಅಂದ ಮೇಲೆ ಹೆಸರು ಬರಲೇಬೇಕಲ್ಲ, ಎಲ್ಲರೂ ಕಾದರು. ಏಡಿ ಅಭ್ಯಾಸಬಲದಿಂದ ಕೊಂಬು ಎತ್ತಿದಳು, ಆಮೆ ಆಯಿ ಅವಳ ಕೈ ಹಿಡಿದಳು.

"ಗಿರ್ರ್..." ಅಂತ ಮತ್ತೆ ಬಂತು.

"ಹೂಂ, ಮುಂದ?" ಅಂದಿತು ಹೊಳೆ.

"ಗಿರ್ರ್!"

"ಅದು ಕೇಳ್ತು. ಮುಂದಿಂದು ಹೇಳು."

ಹಕ್ಕಿಗೆ ಇನ್ನು ತಡೆಯಲಾಗಲಿಲ್ಲ. ಕತ್ತು ಕೆಳಗೆ ಮಾಡಿ ಕೆಮ್ಮಿ, ಕಾರಿ, ಬಾಯಿ ಎರಡು ಹೋಳಾಗುವಷ್ಟು ತೆರೆಯಿತು. ಮರಿ ತಲೆಕೆಳಗಾಗಿ ಬಂದ, ಗಾಳಿಯಲ್ಲಿ ಮೂರು ಸುತ್ತು ಹೊರಳಿದ, ಡುಬುಕ್ ಅಂತ ಮಡುವಿಗೆ ಬಿದ್ದ. ಮುಳ್ಳು ಮೂರೂ ಸೆಟೆದುಕೊಂಡೇ.

"ಮುಂದೇನಿಲ್ಲ!" ಅಂದ. "ಹಿಂದೂ ಏನಿಲ್ಲ. ನನ್ನ ಕಿವ್ಯಾಗ ಹೇಳಿದ್ದು ಇಷ್ಟ. ಅತ್ತಿನ್ನ ಕೇಳು ಬೇಕಾದ್ರ."

ಬಾಳೆಮೀನತ್ತೆ ಪಾಚಿಯ ಕಡೆ ನೋಡುತ್ತಿದ್ದಳು.

"ಅಯ್ಯ, ಅರ್ಧಾಕ್ಕ ನಿಂತೈತಲ್ಲೋ," ಅಂದಿತು ಹೊಳೆ. ಅದನ್ನೇ ಬಾಯಲ್ಲಿ ಹಾಕಿಕೊಂಡು ಮುಕ್ಕಳಿಸಿ ನೋಡಿತು. "ಗಿರ್ರ್... ಗಿರ್ರಾ... ಗಿರ್ಲು. ಹೂಂ. ಕರಿಯಾಕ ಬರ್ತೈತಿ. ಕರಿಯಾಕ ಬಂದ್ರ ಅದು ಹೆಸರ. ಗಿರ್ಲೂ!"

"ಓ!" ಅಂದ ಗಿರ್ಲು.

ಎಷ್ಟು ಜೋರಾಗಿ ಅಂದ ಅಂದರೆ, ಸಿಗಡಿಯೂ ಅವಳ ಅವ್ವನೂ ಹಿಂದಕ್ಕೆ ಹಾರಿದರು.

"ಆತಲ್ಲ? ಈಗ ಒಂದ ಕಡೆ ಸುಮ್ನ ಇರು," ಅಂದಿತು ಹೊಳೆ.

"ಆಗಿಲ್ಲ, ಎಲ್ಲಾತು? ಇನ್ನೊಬ್ಬಾಕಿ ಉಳದಾಳ. ಆಕಿನ್ನ ಕರಿ."

"ಯಾರು?"

"ಗಿರ್ಲಿನ ಅವ್ವ."

ಹೊಳೆಗೆ ಈಗ ನೀರು ಕಡಿಮೆ. ಮಡುವಿನಿಂದ ಎಳೆ ತೆಗೆದರೆ ಮಡುವಿಗೇ ಕಡಿಮೆ. ಏಡಿ ಗೊಣಗಿದಳು, ಇದ್ದ ನೀರ ನಮಗ ಸಾಲಂಗಿಲ್ಲ, ಇದೆಲ್ಲಿದು ಅಂತ. ಗಿರ್ಲು ಅವಳ ಕಡೆ ತಿರುಗಿದ. ಮುಳ್ಳು ನೋಡಿ ಏಡಿ ಅಡ್ಡಡ್ಡ ಹಿಂದೆ ಸರಿದಳು.

"ಗಿರ್ಲಿನವ್ವಾ!" ಅಂತ ಹೊಳೆ ಕರೆಯಿತು.

ಒಂದು ಎಳೆ ನೀರು, ದಾರದಷ್ಟು ತೆಳ್ಳಗೆ, ಮರಳಿನ ಮೇಲೆ ಹೊರಟಿತು. ಬಿಸಿಲು ಅದನ್ನು ಕುಡಿಯುತ್ತಾ ಬಂತು, ಅದು ಹರಿಯುತ್ತಾ ಹೋಯಿತು.

ಗುಂಡಿಯಲ್ಲಿ ಅವ್ವ ಒಂದು ಮಗ್ಗುಲಾಗಿ ಮಲಗಿದ್ದಳು. ಬೆನ್ನು ಮುಚ್ಚುವಷ್ಟೂ ನೀರಿರಲಿಲ್ಲ. ದೂರದಿಂದ ಯಾರೋ ಯಾರನ್ನೋ ಕರೆಯುವುದು ಕೇಳಿತು. ಗಿರ್ಲಿನವ್ವಾ, ಗಿರ್ಲಿನವ್ವಾ ಅಂತ. ಪುಣ್ಯವಂತಿ, ಯಾರೋ ಏನೋ, ಆಕೆಯ ಮಗನಿಗೆ ಹೆಸರಿದೆ ಅಂದುಕೊಂಡಳು. ಅಂದುಕೊಂಡು ಮೆಲ್ಲಗೆ ತಿರುಗಿ ನೋಡಿದಳು, ಯಾರನ್ನು ಕರೆಯುತ್ತಿದ್ದಾರೆ ಅಂತ.

ಗುಂಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಎಳೆ ನೀರು ಬಂದು ಅವಳ ಮೂತಿ ಮುಟ್ಟಿತು.

ಮಡುವಿಗೆ ಬಂದು ಸೇರಿದಾಗ ಗಿರ್ಲು ಎದುರು ಓಡಿ ಬಂದ. ಅವ್ವ ತಬ್ಬಿಕೊಳ್ಳಲು ಹೋಗಿ, "ಅಯ್ಯಯ್ಯ, ಏನೋ ಇದು ಚುಚ್ಚತಾವ!" ಅಂದಳು. ಅವನು ಮುಳ್ಳು ಮಡಚಲು ನೋಡಿದ. ಮೊದಲು ಬರಲಿಲ್ಲ. ಮೆಲ್ಲಗೆ, ಸಿಟ್ಟೂ ಹೆದರಿಕೆಯೂ ಇಳಿದ ಮೇಲೆ, ಒಂದೊಂದಾಗಿ ಮಡಚಿದವು. ಆಮೇಲೆ ಅವ್ವ ತಬ್ಬಿಕೊಂಡಳು, ಮೀನು ಎಷ್ಟು ತಬ್ಬಿಕೊಳ್ಳಬಹುದೋ ಅಷ್ಟು.

ಬಾಳೆಮೀನತ್ತೆ ಹತ್ತಿರ ಬಂದು, "ಎಷ್ಟಾದ್ರೂ ನಾ ಇಟ್ಟ ಹೆಸರು," ಅಂದಳು. ಅತ್ತೆಯರಿಗೆ ಅಷ್ಟು ಬಿಡಬೇಕು.

ಅವನ ಮಕ್ಕಳು, ಮೊಮ್ಮಕ್ಕಳು, ಎಲ್ಲರೂ ಮೂರು ಮುಳ್ಳು ಹೊತ್ತುಕೊಂಡೇ ಹುಟ್ಟಿದರು. ನುಂಗುವ ಹಕ್ಕಿಗಳು ಅವರನ್ನು ಕಂಡರೆ ಈಗಲೂ ಎರಡು ಸಲ ಯೋಚನೆ ಮಾಡುತ್ತವೆ, ಹಿಡಿದರೂ ಹತ್ತು ಸಲ ಹೊರಳಿಸುತ್ತವೆ. ಬಲೆ ಬಿಡಿಸುವವರು ಮಿಕ್ಕ ಮೀನೆಲ್ಲ ಬಾಚಿ ಬುಟ್ಟಿಗೆ ಹಾಕಿದರೂ ಗಿರ್ಲು ಸಿಕ್ಕಾಗ ಮಾತ್ರ ಬೈದುಕೊಂಡು ಬೆರಳ ತುದಿಯಲ್ಲಿ ಬಿಡಿಸುತ್ತಾರೆ. ಹೆಸರೂ ನೀರು ಬಿಟ್ಟು ದಂಡೆ ಹತ್ತಿತು. ಉಣ್ಣಲು ಕೂತಲ್ಲಿ ಕೂರದ, ಹಿಡಿದರೆ ಚುಚ್ಚುವ ಮಕ್ಕಳಿಗೆ, "ಗಿರ್ಲಿನಂಗ ಯಾಕ ಹರದಾಡ್ತಿ, ಬಾ ಇಲ್ಲಿ," ಅನ್ನುವ ಅವ್ವಂದಿರಿದ್ದಾರೆ.

ನೀನು ಯಾವಾಗಲಾದರೂ ಹೊಳೆ ದಂಡೆಯಲ್ಲಿ ಮೀಸೆಯ ಸಣ್ಣ ಮೀನೊಂದನ್ನು ನೀರಿನಿಂದ ಮೇಲೆತ್ತಿದರೆ ಅದು ಮೂರೂ ಮುಳ್ಳು ಸೆಟೆಸಿ ಗಿರ್ರ್ ಗಿರ್ರ್ ಅನ್ನುತ್ತೆ; ಅಳುತ್ತಿದೆ ಅಂದುಕೊಳ್ಳಬೇಡ, ಕೆಳಗೆ ಉಳಿದ ಅವ್ವನನ್ನು ಏನಂತ ಕರೆಯಬೇಕು ಅಂತ ಹೊಳೆಗೆ ಹೇಳುತ್ತಿರುತ್ತೆ.